ಕೆಂಪು ಬೇರಿನ ಗಿಡ, ಗಾಳಿಯಲ್ಲಿ ನಿಲ್ಲುವ ಪತಂಗ

ಆದೋನಿಯ ಸ್ನೇಹಿತರ ಮನೆಯಂಗಳದಲ್ಲಿ ಕಾಶಿಕಣಗಿಲೆಯ ಸಾಲಿದೆ. ಹೊತ್ತು ಇಳಿಯುವಾಗ ಕಂದುಬೂದು ಬಣ್ಣದ ಜೀವವೊಂದು ಬಂದು ಹೂವಿನೆದುರು ಗಾಳಿಯಲ್ಲೇ ನಿಂತಿತು. ಕಾಲೂರಲೇ ಇಲ್ಲ. ಉದ್ದನೆಯ ನಾಲಿಗೆ ಹೂವಿನ ಕೊಳವೆಗೆ ಇಳಿಯಿತು, ಹೊರಬಂತು. ಅಷ್ಟರಲ್ಲಿ ಅದು ಪಕ್ಕದ ಹೂವಿನೆದುರಿತ್ತು. ರೆಕ್ಕೆಗಳ ಆಕಾರ ಕಣ್ಣಿಗೆ ಸಿಗಲಿಲ್ಲ, ಹಳದಿಯ ಮಿಂಚೊಂದೇ ಕಂಡಿತು. ‘ದಿನಾ ಸಂಜಿಗೆ ಬರ್ತೈತ್ರಿ, ಸೂರಕ್ಕಿ ಮರಿ’ ಎಂದರು ಮನೆಯ ಅಜ್ಜಿ.

ಮೊಬೈಲಿನಲ್ಲಿ ಹಮ್ಮಿಂಗ್‌ಬರ್ಡ್ ಎಂದು ಹರಿದಾಡುವುದೂ ಇದೇ. ಆ ಹಕ್ಕಿ ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ಇದು ಮ್ಯಾಕ್ರೋಗ್ಲಾಸಮ್ ಕುಲದ ಪುಟ್ಟ ಹಾಕ್‌ಮಾತ್ ಪತಂಗ. 1777ರಲ್ಲಿ ನಿಸರ್ಗ ವಿಜ್ಞಾನಿ ಸ್ಕೊಪೋಲಿ ಹೆಸರಿಟ್ಟ ಕುಲ. ಯುರೋಪಿನ ಇದರ ದಾಯಾದಿ ಸೆಕೆಂಡಿಗೆ 70ರಿಂದ 80 ಸಲ ರೆಕ್ಕೆ ಬಡಿಯುತ್ತದೆ. ಅದು ತನ್ನ ನಾಲಿಗೆಯ ತುದಿಯನ್ನು ಕಣ್ಣಿನಿಂದ ನೋಡಿಕೊಂಡೇ ತಿದ್ದಿ ನಡೆಸುತ್ತದೆ ಎಂದು ಜರ್ಮನಿಯ ಕೊನ್‌ಸ್ಟಾಂಜ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ತೋರಿಸಿದರು.

ಮರುದಿನ ಎರೆಹೊಲದ ಬದುವಿನ ಮಡ್ಡಿ ಗಿಡದಲ್ಲಿ, ಬಾಲದ ತುದಿಗೆ ಕೊಂಬಿದ್ದ ಹಸಿರು ಹುಳುವೊಂದು ಎಲೆ ಮೇಯುತ್ತಿತ್ತು. ಹಾಕ್‌ಮಾತ್ ಹುಳುವಿನ ಗುರುತೇ ಆ ಕೊಂಬು. ಈ ಕುಲದ ಹಲವು ಪ್ರಭೇದಗಳ ಹುಳುಗಳು ಮಡ್ಡಿಯ ಜಾತಿಯ ಗಿಡಗಳ ಮೇಲೆ ಬೆಳೆಯುತ್ತವೆ. ಕುಲದ ಬಹುಪಾಲಿಗೆ ಕಾಫಿಯ ಕುಟುಂಬದ ಸಸ್ಯಗಳೇ ಊಟ.

ಆ ಕುಟುಂಬದ ಪಟ್ಟಿ ನೋಡಿದಾಗಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ. ಮಡ್ಡಿಯ ಬೇರಿನ ತೊಗಟೆ ಕೆಂಪು ಬಣ್ಣ ಕೊಡುತ್ತದೆ. ಪಟಿಕ ಬಳಸಿ ಅದನ್ನು ಹತ್ತಿ ನೂಲಿಗೆ ಹಿಡಿಸುತ್ತಿದ್ದರು. ಆಂಧ್ರದ ಕಲಂಕಾರಿಗೆ ಕೆಂಪು ಕೊಟ್ಟ ಚಿರಿವೇರು ಇದೇ ಕುಟುಂಬದ್ದು. ನಮ್ಮ ಮಂಜಿಷ್ಠವೂ ಹೌದು. ಯುರೋಪಿನ ಪತಂಗದ ಹುಳು ತಿನ್ನುವ ಗಿಡಗಳಲ್ಲಿ ಅಲ್ಲಿನ ಮಂಜಿಷ್ಠವೂ ಒಂದು! ಬಣ್ಣಗಾರರು ಬೇರಿಗಾಗಿ ಹುಡುಕಿದ ಬಳಗವನ್ನೇ ಈ ಪತಂಗಗಳು ಎಲೆಗಾಗಿ ನೆಚ್ಚಿಕೊಂಡಿವೆ. 1868ರಲ್ಲಿ ರಸಾಯನವಿಜ್ಞಾನಿಗಳಾದ ಗ್ರೇಬ ಮತ್ತು ಲೀಬರ್‌ಮನ್ ಯುರೋಪಿನ ಮಂಜಿಷ್ಠದ ಕೆಂಪನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಮುಂದೆ ಬೇರಿನ ಬಣ್ಣದ ಬೇಡಿಕೆ ಕುಸಿಯಿತು. 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ ಎಂಬ ಈ ಹತ್ತಿಯ ಊರಿನಲ್ಲಿ ನಿಂತು ಈ ಕಥೆ ನೆನೆಯುವುದೇ ಒಂದು ಸುಖ.

ಈ ಪತಂಗಗಳ ಬಾಳ್ವೆಯ ತಿಳಿವಳಿಕೆಗೆ ಕನ್ನಡ ಕರಾವಳಿಯ ಋಣ ದೊಡ್ಡದು. ಅರಣ್ಯಾಧಿಕಾರಿ ಟಿ.ಆರ್.ಡಿ. ಬೆಲ್ ಕಾರವಾರದಲ್ಲಿ ನೆಲೆಸಿ, ಹುಳುಗಳನ್ನು ಸಾಕಿ, ಯಾವುದು ಏನು ತಿನ್ನುತ್ತದೆಂದು ಬರೆದಿಟ್ಟರು. ಎಫ್.ಬಿ. ಸ್ಕಾಟ್ ಜೊತೆ ಅವರು ಬರೆದ ಹಾಕ್‌ಮಾತ್ ಸಂಪುಟ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಸರಣಿಯಲ್ಲಿ 1937ರಲ್ಲಿ ಬಂತು. ಹಾರುವ ಪತಂಗದ ಬೆನ್ನು ಹತ್ತುವುದಕ್ಕಿಂತ ಹುಳುವಿಗೆ ಸೊಪ್ಪು ಹಾಕುವುದೇ ಸರಿಯಾದ ಕಲಿಕೆ ಎಂಬುದು ನನ್ನ ಗಟ್ಟಿ ನಂಬಿಕೆ.

ಹೂಗಿಡ ನೆಟ್ಟು ‘ಚಿಟ್ಟೆ ತೋಟ’ ಎಂದು ಫಲಕ ಹಾಕುವವರ ಬಗ್ಗೆ ನನಗೆ ಅನುಮಾನವಿರುವುದೂ ಇದಕ್ಕೇ. ಹೂವು ಕೊಡುವುದು ಬರೀ ಜೇನು. ತಾಯಿ ಪತಂಗ ಮೊಟ್ಟೆ ಇಡಬೇಕಾದರೆ ಹುಳು ತಿನ್ನುವ ಎಲೆ ಬೇಕು. ಬೆಳೆದ ಹುಳು ಇಳಿದು ಕೋಶ ಕಟ್ಟಲು ಬುಡದಲ್ಲಿ ತರಗೆಲೆ ಬೇಕು. ಬದು ಸವರುವಾಗ ಮಡ್ಡಿಯನ್ನು ಉಳಿಸಿ. ಅದರ ಬುಡದ ಕಸಕ್ಕೆ ಬೆಂಕಿ ಇಡಬೇಡಿ.