ರೋಹಿಣಿಗೆ ಮುಂಚೆ ಮನೆ ಅಣಿ

ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಮೇ 11ರ ಹೊತ್ತಿಗೆ ಕೃತ್ತಿಕೆ, 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ. ಸಾಗರ ಸೀಮೆಯ ನಮ್ಮ ಊರಿನಲ್ಲಿ ಮೃಗಶಿರಕ್ಕೆ ಹಿಡಿದ ಮಳೆ ಹುಬ್ಬೆಯವರೆಗೂ ಸರಿಯಾಗಿ ಬಿಡುವು ಕೊಡುವುದಿಲ್ಲ. ಹಾಗಾಗಿ ಬೇಸಿಗೆಯ ಕೊನೆಯ ಮೂರು ನಾಲ್ಕು ವಾರ ಹಂಚಿನ ಮನೆಯವರಿಗೆ ಪುರಸೊತ್ತೆಂಬುದೇ ಇಲ್ಲ. ಮಾಡಿನ ಹಂಚು ಕೈಯಾಡಿಸಬೇಕು, ಮಿಡಿಗೆ ಖಾರ ಕೂಡಬೇಕು, ಹಲಸಿನ ಹಪ್ಪಳ ಒಣಗಿಸಿ ಡಬ್ಬ ತುಂಬಬೇಕು, ಹಿತ್ತಿಲಲ್ಲಿ ಏರುಮಡಿ ಕಟ್ಟಬೇಕು, ನಾಯಿಗೆ ಚುಚ್ಚುಮದ್ದು ಹಾಕಿಸಬೇಕು. ಕೇಳುವವರಿಗೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಕೆಲಸಗಳು. ಮದುವೆಯಾಗಿ ಈ ಮನೆಗೆ ಬಂದ ಮೇಲೆ, ಅತ್ತೆಯ ಹಿಂದೆ ಹಿಂದೆ ಓಡಾಡುತ್ತ ನನಗೆ ಅರ್ಥವಾದದ್ದು ಇಷ್ಟು: ನೀರು ಎಲ್ಲಿರಬೇಕು, ಎಲ್ಲಿರಬಾರದು ಎಂದು ಮಳೆಗೆ ಮುಂಚೆಯೇ ತೀರ್ಮಾನಿಸಿಬಿಡುವುದೇ ಇಷ್ಟೂ ಕೆಲಸದ ಹುರುಳು.

ಮೊದಲು ಮಾಡು. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಸಾವಿರ ಚದರಡಿ ಮುಚ್ಚುವ ಮಾಡಿನ ಮೇಲೆ ನೂರು ಮಿಲಿಮೀಟರ್ ಸುರಿದರೆ ಒಂಬತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಹರಿದು ಹೋಗಬೇಕು. ಮಲೆನಾಡಿನಲ್ಲಿ ಅಂಥ ದಿನಗಳು ಅಪರೂಪವಲ್ಲ. ಇಷ್ಟು ನೀರನ್ನು ತಡೆಯುವುದು ಸುಟ್ಟ ಮಣ್ಣಿನ ತೆಳುವಾದ ಬಿಲ್ಲೆಗಳು, ಅವೂ ಒಂದಕ್ಕೊಂದು ಅಂಟಿಕೊಂಡಿಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅಲ್ಲಿಂದ ಹರಡಿದ ಈ ಹಂಚಿನ ಜಾಣತನ ಇರುವುದು ಅದರ ಅಂಚಿನಲ್ಲಿ. ಪಕ್ಕದ ಹಂಚಿನ ಏಣು ಇದರ ಕಾಲುವೆಯೊಳಗೆ ಕೂರುತ್ತದೆ, ಮೇಲಿನ ಹಂಚು ಕೆಳಗಿನದರ ತಲೆಯ ಮೇಲೆ ಮಲಗುತ್ತದೆ, ಬೆನ್ನಿನ ಮೊಳೆ ರೀಪಿಗೆ ಕಚ್ಚಿಕೊಳ್ಳುತ್ತದೆ. ನೀರನ್ನು ನಿಲ್ಲಿಸುವ ಗೋಜಿಗೆ ಹಂಚು ಹೋಗುವುದೇ ಇಲ್ಲ, ಬೇಗ ಕೆಳಗೆ ದಾಟಿಸುತ್ತದೆ ಅಷ್ಟೆ.

ಆದ್ದರಿಂದಲೇ ಸೋರುವುದಕ್ಕೆ ಹಂಚು ಒಡೆದಿರಬೇಕೆಂದೇನೂ ಇಲ್ಲ. ಹೆಚ್ಚಿನ ಸಲ ಕಾಲುವೆಯಲ್ಲಿ ತರಗೆಲೆ, ಪಾಚಿ, ಇಲಿ ತಂದಿಟ್ಟ ಕಸ ಕೂತಿರುತ್ತದೆ. ನೀರು ಅಲ್ಲಿ ತಡೆದು, ಹಿಂದಕ್ಕೆ ಏರಿ, ರೀಪಿನ ಮೇಲೆ ಇಳಿಯುತ್ತದೆ. ಹಂಚು ಕೈಯಾಡಿಸುವುದು ಅಂದರೆ ಪ್ರತಿ ಹಂಚನ್ನೂ ಎತ್ತಿ, ಕಾಲುವೆ ತಿಕ್ಕಿ, ಬೆರಳ ಗಂಟಿನಿಂದ ತಟ್ಟಿ ನೋಡಿ ಮತ್ತೆ ಕೂರಿಸುವುದು. ಗಟ್ಟಿ ಹಂಚು ಟಣ್ ಎನ್ನುತ್ತದೆ. ಕಣ್ಣಿಗೆ ಕಾಣದ ಸೀಳು ಇದ್ದರೆ ಸದ್ದು ಮಂಕಾಗುತ್ತದೆ. ನಮ್ಮಲ್ಲಿ ಈ ಕೆಲಸಕ್ಕೆ ಬರುವ ಹಿರಿಯರು ಮಾತಾಡುತ್ತಲೇ ತಟ್ಟುತ್ತ ಹೋಗುತ್ತಾರೆ, ಮಂಕು ಸದ್ದು ಬಂದಲ್ಲಿ ಮಾತು ನಿಲ್ಲುತ್ತದೆ.

ಎರಡು ವಿಷಯ ಅವರಿಂದ ಕಲಿತದ್ದು. ಒಂದು, ಒಡೆದ ಹಂಚಿನ ಮೇಲೆ ಸಿಮೆಂಟು ಮೆತ್ತಬಾರದು. ಬಿಸಿಲಿಗೆ ಹಂಚು ಹಿಗ್ಗುವ ಪರಿ ಬೇರೆ, ಸಿಮೆಂಟು ಹಿಗ್ಗುವ ಪರಿ ಬೇರೆ. ನಡುವೆ ಕೂದಲೆಳೆಯ ಬಿರುಕು ಬಿಟ್ಟು ನೀರು ಅಲ್ಲೇ ಮನೆ ಮಾಡುತ್ತದೆ. ಹಂಚು ಬದಲಿಸುವುದೊಂದೇ ದಾರಿ. ಎರಡು, ಬದಲಿ ಹಂಚು ಅದೇ ಕಾರ್ಖಾನೆಯದಾಗಿರಬೇಕು. ಹಂಚಿನ ಮೈಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ, ಅದನ್ನು ನೋಡಿಯೇ ತರಬೇಕು. ಒಂದು ಕಾರ್ಖಾನೆಯ ಏಣು ಇನ್ನೊಂದರ ಕಾಲುವೆಗೆ ಕೂರುವುದಿಲ್ಲ. ಹಳೆ ಮನೆ ಕೆಡವಿದ ಸುದ್ದಿ ಕೇಳಿದರೆ ನನ್ನ ಯಜಮಾನರು ಅಲ್ಲಿಗೆ ಹೋಗಿ, ನಮ್ಮ ಗುರುತಿನ ಹಂಚಿದ್ದರೆ ಕೊಂಡು ತಂದು ಕೊಟ್ಟಿಗೆಯ ಗೋಡೆಗೆ ಒರಗಿಸಿಡುತ್ತಾರೆ. ಮಂಗಗಳು ಮಾಡಿನ ಮೇಲೆ ಹಾರುವ ಊರಿನಲ್ಲಿ ಎಷ್ಟು ಇಟ್ಟರೂ ಸಾಲದು.

ಹಂಚು ತೆಗೆದಾಗ ಪಕಾಸಿ, ರೀಪು ಬಯಲಾಗುತ್ತವೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಸೌದೆ ಒಲೆ ಇದ್ದ ಕಾಲದಲ್ಲಿ ಅಡುಗೆಮನೆಯ ಹೊಗೆ ದಿನವೂ ಮಾಡಿಗೆ ಹತ್ತಿ ಮರದ ಮೇಲೆ ಕಪ್ಪಗೆ ಕೂರುತ್ತಿತ್ತು. ಗೆದ್ದಲು, ಕುಟ್ಟೆಹುಳ ಅತ್ತ ಸುಳಿಯುತ್ತಿರಲಿಲ್ಲ. ಅನಿಲದ ಒಲೆ ಬಂದ ಮೇಲೆ ಅದೇ ಪಕಾಸಿಯಲ್ಲಿ ಮಣ್ಣಿನ ಗೆರೆ ಕಾಣತೊಡಗಿತು. ಹಾಗೆಂದು ಹೊಗೆ ಮರಳಿ ಬರಲಿ ಎಂದು ನಾನು ಒಪ್ಪುವುದಿಲ್ಲ. ಅತ್ತೆಯ ಕೆಮ್ಮನ್ನು ಕೊನೆಯವರೆಗೂ ಕೇಳಿದವಳು ನಾನು. ಹೊಗೆಯ ಕೆಲಸವನ್ನು ಈಗ ನಾವು ಕೈಯಿಂದ ಮಾಡಬೇಕು, ಅಷ್ಟೆ: ಮಣ್ಣಿನ ಗೆರೆ ಕೆರೆದು, ಮರಕ್ಕೆ ಗೇರೆಣ್ಣೆ ಬಳಿಯುವುದು. ಗೇರುಬೀಜದ ಸಿಪ್ಪೆಯಿಂದ ತೆಗೆದ ಈ ಎಣ್ಣೆ ಚರ್ಮ ಸುಡುತ್ತದೆ. ಕೈಗವಸಿಲ್ಲದೆ ಮುಟ್ಟಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು.

ಮಾಡು ತೆರೆದ ದಿನ ಅಟ್ಟವೂ ಖಾಲಿಯಾಗಬೇಕು. ನಮ್ಮ ಅಟ್ಟದ ಗಳಕ್ಕೆ ಬಾಳೆಪಟ್ಟೆಯಲ್ಲಿ ಕಟ್ಟಿದ ಸೌತೆಕಾಯಿಗಳು ಸಾಲಾಗಿ ತೂಗುತ್ತಿರುತ್ತವೆ. ಗದ್ದೆಯಲ್ಲಿ ಬೇಸಿಗೆಗೆ ಬೆಳೆದ ಸಾಂಬಾರು ಸೌತೆ ಅದು. ನೆಲಕ್ಕಿಟ್ಟರೆ ತಾಗಿದ ಭಾಗ ಬೆವರಿ ಕೊಳೆಯುತ್ತದೆ. ಸುತ್ತಲೂ ಗಾಳಿ ಆಡುವಂತೆ ನೇತುಹಾಕಿದರೆ ಆಷಾಢದ ಜಡಿಮಳೆಯಲ್ಲಿ, ಪೇಟೆಗೆ ಹೋಗಲಾಗದ ವಾರದಲ್ಲಿ, ಹುಳಿಗೆ ಅದೇ ಗತಿ. ಬೀಜದ ಗಡಿಗೆಗಳೂ ಅಲ್ಲೇ. ಬೂದಿ ಬೆರೆಸಿಟ್ಟ ಹೀರೆ, ಬೆಂಡೆ, ಅಲಸಂದೆ ಬೀಜಗಳನ್ನು ಈಗ ಇಳಿಸಿ, ಒಂದು ಹಿಡಿ ನೆನೆಸಿ, ಎಷ್ಟು ಮೊಳೆಯುತ್ತವೆ ನೋಡಿಕೊಳ್ಳುತ್ತೇನೆ. ಶಿರಸಿಯಲ್ಲಿ ‘ವನಸ್ತ್ರೀ’ ಬಳಗದ ಹೆಣ್ಣುಮಕ್ಕಳು 2001ರಿಂದ ಇಂಥ ನಾಟಿ ಬೀಜಗಳನ್ನೇ ಉಳಿಸಿ ಹಂಚಿಕೊಳ್ಳುತ್ತ ಬಂದಿದ್ದಾರೆ. ಮನೆಯ ಅಟ್ಟದಲ್ಲಿ ಉಳಿದ ಬೀಜ ಅಂಗಡಿಯ ಪೊಟ್ಟಣದ ಬೀಜಕ್ಕಿಂತ ನಮ್ಮ ಮಳೆಯನ್ನು ಚೆನ್ನಾಗಿ ಬಲ್ಲದು ಎಂಬುದು ನನ್ನ ನಂಬಿಕೆ.

ಅಡುಗೆಮನೆಯಲ್ಲಿ ಈ ಹೊತ್ತಿನ ದೊಡ್ಡ ಕೆಲಸ ಅಪ್ಪೆಮಿಡಿ. ಹೊಳೆಸಾಲಿನ ಮರದಿಂದ ಮಾಘ, ಫಾಲ್ಗುಣದಲ್ಲಿ ಇಳಿಸಿದ ಮಿಡಿ ಉಪ್ಪಿನಲ್ಲಿ ಕೂತಾಗಿರುತ್ತದೆ. ಮಿಡಿ ಆರಿಸುವಾಗ ನೋಡುವುದು ತೊಟ್ಟನ್ನು. ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ, ಅಪ್ಪೆಯ ಪರಿಮಳವೆಲ್ಲ ಇರುವುದು ಆ ಸೊನೆಯಲ್ಲೇ. ಮರದಿಂದ ಉದುರಿ ನೆಲಕ್ಕೆ ಬಿದ್ದ ಮಿಡಿ ಎಷ್ಟು ಚೆಂದವಿದ್ದರೂ ಜಾಡಿಗೆ ಹಾಕಬೇಡಿ. ಒಳಗೆ ನಲುಗಿದ ಒಂದು ಮಿಡಿ ಮೆತ್ತಗಾಗಿ ಇಡೀ ಜಾಡಿಯನ್ನು ಕೆಡಿಸುತ್ತದೆ.

ನಮ್ಮ ಮನೆಯ ಅಳತೆ ನಾಲ್ಕು ಸೇರು ಮಿಡಿಗೆ ಒಂದು ಸೇರು ಹರಳುಪ್ಪು. ಒಂದು ಪದರ ಮಿಡಿ, ಒಂದು ಪದರ ಉಪ್ಪು, ಮೇಲೊಂದು ಭಾರ. ಒಂದು ತೊಟ್ಟು ನೀರು ಹಾಕುವುದಿಲ್ಲ, ಆದರೂ ಕೆಲವೇ ದಿನದಲ್ಲಿ ಜಾಡಿಯಲ್ಲಿ ನೀರು ತುಂಬುತ್ತದೆ. ಉಪ್ಪು ಹೆಚ್ಚಿರುವ ಕಡೆಗೆ ನೀರು ಹರಿಯುತ್ತದೆ, ಅದಕ್ಕೇ ಮಿಡಿಯೊಳಗಿನ ನೀರೆಲ್ಲ ಹೊರಬಂದು ಮಿಡಿ ಚಿರುಟುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳ ಗತಿಯೂ ಅದೇ. ಅವುಗಳ ಮೈಯ ನೀರನ್ನೂ ಉಪ್ಪು ಹೀರಿಬಿಡುತ್ತದೆ. ಉಪ್ಪು ಕಡಿಮೆ ಹಾಕಿ ಆರೋಗ್ಯಕ್ಕೆ ಒಳ್ಳೆಯದು ಎನ್ನುವವರಿಗೆ ನನ್ನ ಉತ್ತರ, ಉಪ್ಪಿನಕಾಯಿ ಕಡಿಮೆ ತಿನ್ನಿ, ಉಪ್ಪು ಮಾತ್ರ ಕಡಿಮೆ ಮಾಡಬೇಡಿ.

ಚಿರುಟಿದ ಮಿಡಿ ತೆಗೆದು, ಆ ಉಪ್ಪುನೀರನ್ನು ಕುದಿಸಿ, ಸೋಸಿ, ಪೂರ್ತಿ ತಣಿಸಬೇಕು. ಆಮೇಲೆ ಸಾಸಿವೆ, ಬ್ಯಾಡಗಿ ಮೆಣಸು, ಅರಿಶಿನವನ್ನು ಅದೇ ನೀರಿನಲ್ಲಿ ಅರೆಯಬೇಕು. ಬಿಸಿ ಇರುವಾಗಲೇ ಸಾಸಿವೆ ಹಾಕಬಾರದು ಎಂದು ಅತ್ತೆ ಪಟ್ಟು ಹಿಡಿಯುತ್ತಿದ್ದರು. ಅದರ ಕಾರಣ ಸೊಗಸಾಗಿದೆ. ಇಡೀ ಸಾಸಿವೆ ಕಾಳಿನಲ್ಲಿ ಘಾಟು ಇಲ್ಲ. ಕಾಳು ಒಡೆದು ನೀರು ಸೋಕಿದಾಗ ಅದರೊಳಗಿನ ಕಿಣ್ವವೊಂದು ಕೆಲಸಕ್ಕಿಳಿದು ಘಾಟನ್ನು ಹುಟ್ಟಿಸುತ್ತದೆ. ಬೂಷ್ಟು ಬರದಂತೆ ತಡೆಯುವುದೂ ಅದೇ ಘಾಟು. ಕುದಿನೀರು ಬಿದ್ದರೆ ಕಿಣ್ವ ಸಾಯುತ್ತದೆ, ಸಾಸಿವೆ ಬರೀ ಕಹಿಯಾಗಿ ಉಳಿಯುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರು ನಾಲಿಗೆಯಿಂದಲೇ ಇದನ್ನು ಕಂಡುಕೊಂಡಿದ್ದರು ಎಂಬುದು ನನಗೆ ಇಂದಿಗೂ ಅಭಿಮಾನದ ವಿಷಯ.

ಹಲಸಿನ ಹಪ್ಪಳಕ್ಕೆ ಬಲಿತ, ಆದರೆ ಹಣ್ಣಾಗದ ಕಾಯಿ ಬೇಕು. ತೊಳೆ ಬೇಯಿಸಿ, ಉಪ್ಪು ಖಾರ ಕೊತ್ತಂಬರಿ ಸೇರಿಸಿ ಒರಳಲ್ಲಿ ಕುಟ್ಟಿ, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಉಂಡೆ ಕಟ್ಟಿ ಒತ್ತುವುದು. ಹಪ್ಪಳ ಒಣಗಲು ಹರವಿದ ಚಾಪೆಯ ಕಾವಲಿಗೆ ನಮ್ಮ ನಾಯಿ ಕರಿಯ ಕೂರುತ್ತಾನೆ. ಕಾಗೆಯನ್ನು ಅಟ್ಟುವುದರಲ್ಲಿ ಅವನಷ್ಟು ನಂಬಿಗಸ್ತರು ಯಾರೂ ಇಲ್ಲ.

ಕರಿಯನ ಬಗ್ಗೆ, ಬೆಕ್ಕು ಪುಟ್ಟಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಹಳ್ಳಿಮನೆಗಳಲ್ಲಿ ಇವುಗಳ ಆರೈಕೆ ಕೊನೆಗೆ ಉಳಿದುಬಿಡುತ್ತದೆ. ರೇಬೀಸ್ ಚುಚ್ಚುಮದ್ದು ಮರಿಗೆ ಮೂರು ತಿಂಗಳಿಗೆ ಶುರುವಾಗಿ ವರ್ಷವರ್ಷವೂ ಆಗಬೇಕು, ಬೆಕ್ಕಿಗೂ ಕೂಡ. ಆ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯರಾಗಲಿ ಪ್ರಾಣಿಯಾಗಲಿ ಬದುಕುವುದಿಲ್ಲವೆಂದೇ ಹೇಳಬೇಕು. ಕಚ್ಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ ಮೆತ್ತುತ್ತ ಕೂರಬಾರದು.

ಇನ್ನು ಉಣುಗು. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. 2019ರಲ್ಲಿ ನಮ್ಮ ತಾಲೂಕಿನ ಅರಳಗೋಡಿನ ಮನೆಗಳು ಅನುಭವಿಸಿದ ಸಂಕಟವನ್ನು ಈ ಕಡೆಯವರು ಯಾರೂ ಮರೆತಿಲ್ಲ. ಬೇಸಿಗೆ ಮುಗಿಯುವವರೆಗೂ ಅದರ ಭಯ ಇದ್ದೇ ಇರುತ್ತದೆ. ಕಾಡಂಚಿಗೆ ಹೋಗಿ ಬಂದ ನಾಯಿಯ, ದನದ ಕಿವಿ, ಕಂಕುಳು, ಬೆರಳ ಸಂದಿ ದಿನವೂ ನೋಡಬೇಕು, ನಮ್ಮ ಮೈಯನ್ನೂ. ನಾಯಿಗೆ ಹಾಕುವ ಉಣುಗಿನ ಔಷಧವನ್ನು ಮಾತ್ರ ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ಅದು ವಿಷ, ಜೀವವೇ ಹೋಗಬಹುದು. ಪಶುವೈದ್ಯರನ್ನು ಕೇಳಿ ಬೆಕ್ಕಿಗೆಂದೇ ಇರುವುದನ್ನು ತನ್ನಿ.

ಮೊದಲ ಮಳೆ ಬಿದ್ದೊಡನೆ ಗದ್ದೆಯ ಬಿಲಗಳಲ್ಲಿ ನೀರು ತುಂಬಿ ಇಲಿಗಳು ಮನೆ ಸೇರುತ್ತವೆ. ಆಗ ಎಲ್ಲರ ಕೈಯೂ ಇಲಿಪಾಷಾಣದತ್ತ ಹೋಗುತ್ತದೆ. ದಯವಿಟ್ಟು ಬೇಡ. ವಿಷ ತಿಂದ ಇಲಿ ಒಡನೆ ಸಾಯುವುದಿಲ್ಲ, ನಿಧಾನವಾಗಿ ಓಡಾಡುತ್ತದೆ. ಅಂಥದ್ದನ್ನೇ ಬೆಕ್ಕು ಸುಲಭವಾಗಿ ಹಿಡಿಯುತ್ತದೆ, ಗೂಬೆ, ಕೇರೆಹಾವು ಕೂಡ. ಇಲಿ ತಿನ್ನುವವರನ್ನು ಕೊಂದರೆ ಮುಂದಿನ ವರ್ಷ ಇಲಿ ಹೆಚ್ಚುತ್ತದೆ. ಸೂರಿನ ಸಂದಿಗೆ ಜಾಲರಿ ಹೊಡೆಯಿರಿ, ಬೋನಿಡಿ, ಧಾನ್ಯ ಮುಚ್ಚಿಡಿ. ಇಲಿ ಉಚ್ಚೆ ಬೆರೆತ ನೀರು, ಕೆಸರು ಕಾಲಿನ ಗಾಯಕ್ಕೆ ಸೋಕಿದರೆ ಇಲಿಜ್ವರ ಬರುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಹಿತ್ತಿಲಿಗೂ ಬೂಟು ಹಾಕಿಕೊಂಡೇ ಹೋಗುತ್ತೇನೆ.

ಹಿತ್ತಿಲಿನ ಕೆಲಸ ಚಿಕ್ಕದು, ಆದರೆ ಹೊತ್ತು ತಪ್ಪುವಂತಿಲ್ಲ. ಬೇಸಿಗೆಯಲ್ಲಿ ನೀರು ನಿಲ್ಲಲೆಂದು ತಗ್ಗು ಮಾಡಿದ್ದ ಮಡಿಗಳನ್ನೆಲ್ಲ ಈಗ ಒಂದಡಿ ಏರಿಸಬೇಕು, ನಡುವೆ ಕಾಲುವೆ ಬಿಡಬೇಕು. ಬೇರಿಗೂ ಉಸಿರು ಬೇಕು, ಮಣ್ಣಿನ ಸಂದಿಯೆಲ್ಲ ನೀರೇ ತುಂಬಿದರೆ ಶುಂಠಿ, ಅರಿಶಿನ ಮೊದಲು ಕೊಳೆಯುತ್ತವೆ. ಮೇಲೆ ದಪ್ಪಗೆ ದರಗು ಹೊದಿಸಿದರೆ ಹನಿಯ ಪೆಟ್ಟಿಗೆ ಮಣ್ಣು ಕೊಚ್ಚಿಹೋಗುವುದಿಲ್ಲ. ಬಸಳೆ ಚಪ್ಪರಕ್ಕೆ ಅಡಿಕೆ ದಬ್ಬೆ ಬದಲಿಸಿ, ಸೂರಿನ ನೀರು ಬೀಳುವ ಗೆರೆಯಿಂದ ದೂರ ನೆಡಬೇಕು. ಸೂರಿನ ಕೆಳಗಿನ ಜಾಗ ಕೆಸುವಿಗೆ, ಅದಕ್ಕೆ ಎಷ್ಟು ನೀರಾದರೂ ಸೈ.

ಸಿಮೆಂಟಿನ ತಾರಸಿ ಹಾಕಿಸಿ ಇಷ್ಟೆಲ್ಲ ತಾಪತ್ರಯ ತಪ್ಪಿಸಿಕೊಳ್ಳಿ ಎಂದು ಹೇಳುವವರು ಬಹಳ. ತಾರಸಿಯೂ ಸೋರುತ್ತದೆ, ಆದರೆ ಎಲ್ಲಿ ಸೋರಿತೆಂದು ಹುಡುಕುವುದೇ ಕಷ್ಟ. ಹಂಚಿನ ಮನೆಯಲ್ಲಿ ಒಂದು ಹಂಚು ಎತ್ತಿ ಇನ್ನೊಂದು ಕೂರಿಸಿದರೆ ರಿಪೇರಿ ಮುಗಿಯಿತು. ಈಗ ಕಡಿಮೆಯಾಗುತ್ತಿರುವುದು ಹಂಚಿಗಿಂತ ಹೆಚ್ಚಾಗಿ ಹಂಚು ಬಲ್ಲ ಕೈಗಳು. ನಮ್ಮ ಸುತ್ತಮುತ್ತ ಮಾಡು ಹತ್ತುವವರೆಲ್ಲ ವಯಸ್ಸಾದವರೇ. ನಿಮ್ಮೂರಲ್ಲೂ ಹೀಗೇ ಇರಬಹುದು. ಅವರಿಗೆ ಯುಗಾದಿ ಹೊತ್ತಿಗೇ ಹೇಳಿಡಿ, ಕೂಲಿಯಲ್ಲಿ ಚೌಕಾಸಿ ಮಾಡಬೇಡಿ, ಅವರು ಬಂದ ದಿನ ಮನೆಯ ಹುಡುಗ ಹುಡುಗಿಯರನ್ನೂ ಏಣಿ ಹತ್ತಿಸಿ, ಹಂಚು ತಟ್ಟಿ ಸದ್ದು ಗುರುತಿಸುವುದನ್ನು ಕಲಿಸಿ.