ಬ್ಲೂಸ್ ಜ್ಯಾಮ್‌ಗೆ ಮೊದಲ ಸಿದ್ಧತೆ

ಶಿಕಾಗೋ ನಗರದ ಬ್ಲೂಸ್ ಕ್ಲಬ್ಬುಗಳಲ್ಲಿ ವಾರದ ಒಂದು ರಾತ್ರಿಯನ್ನು ಜ್ಯಾಮ್‌ಗೆಂದು ಮೀಸಲಿಡುವ ಪದ್ಧತಿಯುಂಟು. ಅಂದು ಹಾಳೆಯೊಂದರಲ್ಲಿ ತನ್ನ ಹೆಸರನ್ನೂ ವಾದ್ಯವನ್ನೂ ಬರೆದಿಟ್ಟವನು, ಸರದಿ ಬಂದೊಡನೆ ವೇದಿಕೆಯೇರಿ, ಅದುವರೆಗೆ ಮುಖಪರಿಚಯವೂ ಇಲ್ಲದ ಗಾಯಕ, ಡ್ರಮ್ಮರ್, ಬೇಸ್‌ವಾದಕರೊಡನೆ ಯಾವ ಪೂರ್ವಾಭ್ಯಾಸವೂ ಇಲ್ಲದೆ ಎರಡು ಮೂರು ಹಾಡುಗಳನ್ನು ನುಡಿಸಬಹುದು.

ಅಪರಿಚಿತರ ನಡುವೆ ಇಂತಹ ಸಾಂಗತ್ಯ ಸಾಧ್ಯವಾಗುವುದು, ಬ್ಲೂಸ್‌ನ ಬಹುಪಾಲು ಹಾಡುಗಳು ಒಂದೇ ಚೌಕಟ್ಟಿನಲ್ಲಿ ನಿಂತಿರುವುದರಿಂದ. ನಾಲ್ಕು ಎಣಿಕೆಗಳ ಖಂಡಕ್ಕೆ ಬಾರ್ ಎಂದು ಹೆಸರು. ಅಂತಹ 12 ಬಾರ್‌ಗಳು ಸೇರಿದರೆ ಒಂದು ಆವರ್ತ. ಹಾಡು ‘ಎ’ ಶ್ರುತಿಯಲ್ಲಿದ್ದರೆ ಮೊದಲ ನಾಲ್ಕು ಬಾರ್‌ಗಳು ‘ಎ’ ಕಾರ್ಡಿನಲ್ಲಿ (ಸ್ವರಗುಚ್ಛದಲ್ಲಿ), ಮುಂದಿನ ಎರಡು ‘ಡಿ’ಯಲ್ಲಿ, ಮತ್ತೆರಡು ‘ಎ’ಯಲ್ಲಿ ಸಾಗುತ್ತವೆ; ಒಂಬತ್ತನೆಯದು ‘ಇ’ಗೆ ಏರಿ, ಹತ್ತನೆಯದು ‘ಡಿ’ಗೆ ಇಳಿದು, ಉಳಿದೆರಡು ಮನೆಗೆ ಮರಳುತ್ತವೆ. ಎರಡನೆಯ ಬಾರ್‌ನಲ್ಲಿಯೇ ಒಮ್ಮೆ ‘ಡಿ’ಯನ್ನು ಮುಟ್ಟಿ ಬರುವ ಸಂಪ್ರದಾಯವೂ ಇರುವುದರಿಂದ ಮೊದಲ ಆವರ್ತದಲ್ಲಿ ಬೇಸ್‌ವಾದಕನ ಕಡೆ ಕಿವಿಯಿಟ್ಟಿರುವುದು ಕ್ಷೇಮ. ‘ಎ’ಯಿಂದ ಎಣಿಸಿದರೆ ‘ಇ’ ಐದನೆಯದು; ಆದುದರಿಂದ ತಂಡದ ಮುಂದಾಳು ‘ಐದರಿಂದ’ ಎಂದು ಕೂಗಿದರೆ ಹಾಡು ಒಂಬತ್ತನೆಯ ಬಾರ್‌ನಿಂದ ಆರಂಭವಾಗುವುದೆಂದು ಅರ್ಥ.

ಹೊಸಬರಾದ ಗಿಟಾರ್‌ವಾದಕರು ತಿಂಗಳುಗಟ್ಟಲೆ ಸಾಧನೆ ಮಾಡುವುದು ಸೋಲೋವನ್ನು, ಅಂದರೆ ತಾನೊಬ್ಬನೇ ಮುಂದಾಗಿ ನುಡಿಸುವ ಭಾಗವನ್ನು. ಆದರೆ ನಿಮಿಷಕ್ಕೆ 120 ಎಣಿಕೆಗಳ ನಡೆಯಲ್ಲಿ ಒಂದು ಆವರ್ತ 24 ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ತನ್ನ ಪಾಲಿಗೆ ಎರಡು ಆವರ್ತಗಳು ದೊರೆತರೂ ಅದು ಒಂದು ನಿಮಿಷವಾಗದು. ಮಿಕ್ಕ ಕಾಲವೆಲ್ಲ ಪಕ್ಕವಾದ್ಯದ್ದು. ಆದುದರಿಂದ ನನ್ನ ದೃಢವಾದ ಅಭಿಪ್ರಾಯವೇನೆಂದರೆ, ಸಿದ್ಧತೆಯ ಮುಕ್ಕಾಲು ಪಾಲು ಪಕ್ಕವಾದ್ಯಕ್ಕೇ ಸಲ್ಲಬೇಕು. 1943ರಲ್ಲಿ ಮಿಸಿಸಿಪ್ಪಿಯ ಹತ್ತಿಯ ತೋಟವನ್ನು ತೊರೆದು ಶಿಕಾಗೋಕ್ಕೆ ಬಂದ ಮಡ್ಡಿ ವಾಟರ್ಸ್‌ನ ಹಾಡಿಕೆಯ ಹಿಂದೆ ಜಿಮ್ಮಿ ರೋಜರ್ಸ್, ಜಿಮ್ಮಿ ರೀಡ್‌ನ ಹಿಂದೆ ಎಡ್ಡಿ ಟೇಲರ್ ನುಡಿಸಿದ ಗಿಟಾರನ್ನು ಗಮನವಿಟ್ಟು ಕೇಳಿದವರಿಗೆ, ತಾನು ಮುಂದೆ ಬಾರದೆ ಹಾಡನ್ನು ಎತ್ತಿ ಹಿಡಿಯುವ ಈ ವಿದ್ಯೆ ಎಷ್ಟು ಉನ್ನತವಾದುದೆಂಬುದು ವಿದಿತವಾದೀತು. ಗಾಯಕನು ಸಾಲೊಂದನ್ನು ಹಾಡಿ, ಅದನ್ನೇ ಪುನರುಚ್ಚರಿಸಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಹೇಳುತ್ತಾನೆ. ಪ್ರತಿ ಸಾಲಿನ ನಾಲ್ಕು ಬಾರ್‌ಗಳಲ್ಲಿ ಸುಮಾರು ಎರಡರಲ್ಲಿ ಕಂಠ ಮುಗಿದು ಉಳಿದ ಎರಡು ತೆರವಾಗಿರುತ್ತವೆ. ಗಿಟಾರ್ ಮಾತನಾಡಬೇಕಾದದ್ದು ಆ ತೆರವಿನಲ್ಲಿ. ಕಂಠವಿರುವಾಗ ಧ್ವನಿವರ್ಧಕದ ಸದ್ದನ್ನು ಇಳಿಸಿ, ತಾಳವನ್ನಷ್ಟೇ ಮೆಲ್ಲನೆ ಹಿಡಿದಿರಬೇಕು. ಮತ್ತೊಬ್ಬ ಗಿಟಾರ್‌ವಾದಕ ಕೆಳಸ್ಥಾಯಿಯಲ್ಲಿದ್ದರೆ ತಾನು ಮೇಲುಸ್ಥಾಯಿಯನ್ನು ಆಶ್ರಯಿಸುವುದು ಯುಕ್ತ.

ಸೋಲೋವಿನ ಸರದಿಗೆ ಐದು ಸ್ವರಗಳು ಸಾಕು. ನಮ್ಮ ಶುದ್ಧ ಧನ್ಯಾಸಿಯ ಸ್ವರಸ್ಥಾನಗಳೂ ಅವೇ ಆಗಿರುವುದರಿಂದ ಕರ್ನಾಟಕ ಸಂಗೀತ ಬಲ್ಲವರಿಗೆ ಅವು ಅಪರಿಚಿತವೆನಿಸಲಾರವು. ಸಂಚಾರ ಮಾತ್ರ ಬೇರೆ. ಗಾಂಧಾರದ ತಂತಿಯನ್ನು ಬೆರಳಿನಿಂದ ತುಸು ಒತ್ತಿ ತಳ್ಳಿ, ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ತೂಗಿಸಿದಾಗ ಹುಟ್ಟುವ ನಾದದಲ್ಲಿಯೇ ಬ್ಲೂಸ್‌ನ ಪ್ರಾಣವಿದೆ. ಬಿ. ಬಿ. ಕಿಂಗ್ ಅಂತಹ ಒಂದೇ ಸ್ವರವನ್ನು ಕಂಪಿಸಿ ನಿಲ್ಲಿಸಿ, ಆಮೇಲೆ ಸುಮ್ಮನಿರುತ್ತಿದ್ದ ಬಗೆಯನ್ನು ಅಭ್ಯಾಸಿಗಳು ಅನುಸರಿಸಲಿ.

ಹೊರಡುವ ಮುನ್ನ ಬಿಡಿ ತಂತಿಗಳು, ಕೇಬಲ್, ಟ್ಯೂನರ್ ಚೀಲದಲ್ಲಿರಬೇಕು. ಶ್ರುತಿ ಮಾಡಿಕೊಳ್ಳುವುದು ಸರದಿಗೆ ಮೊದಲೇ, ಸದ್ದಿಲ್ಲದೆ. ಇನ್ನು, ಹಾಡಿನ ಮುಕ್ತಾಯವನ್ನು ಪ್ರತ್ಯೇಕವಾಗಿಯೇ ಸಾಧಿಸಿರಬೇಕು. ಕೊನೆಯ ಆವರ್ತ ಬಂದಾಗ ಮುಂದಾಳು ಕಣ್ಣಿನಿಂದಲೋ ತಲೆಯಾಡಿಸಿಯೋ ಸೂಚನೆ ಕೊಡುವನು. ಅನೇಕ ವೇಳೆ ಹನ್ನೊಂದನೆಯ ಬಾರ್‌ನ ಮೊದಲ ಎಣಿಕೆಗೆ ವಾದ್ಯಗಳೆಲ್ಲ ಒಮ್ಮೆಲೇ ನಿಂತು, ಗಾಯಕನ ಕಂಠವೊಂದೇ ಉಳಿದು, ಬಳಿಕ ಅರ್ಧಸ್ವರ ಮೇಲಿನ ಕಾರ್ಡ್ ಕ್ಷಣಕಾಲ ಮೊಳಗಿ ಮೂಲ ಕಾರ್ಡಿಗೆ ಇಳಿಯುತ್ತದೆ. ಆ ಸೂಚನೆ ತಪ್ಪದಿರಬೇಕಾದರೆ ದೃಷ್ಟಿಯು ತನ್ನ ಬೆರಳುಗಳ ಮೇಲಲ್ಲ, ಮುಂದಾಳಿನ ಮುಖದ ಮೇಲಿರಬೇಕು.