ಇಂಜೆಕ್ಷನ್ ತಗೊಂಡವರು ಮೊದಲು ಉಣ್ಣಲಿ

ಗುರುಗ್ರಾಮದಲ್ಲಿ ರಾತ್ರಿಯೂಟಕ್ಕೆ ಇಂಥ ಹೊತ್ತು ಎಂಬುದಿಲ್ಲ. ಸೈಬರ್ ಸಿಟಿಯ ಕಚೇರಿ ಬಿಟ್ಟು, ರಾಷ್ಟ್ರೀಯ ಹೆದ್ದಾರಿ 48ರ ಗಾಡಿಗಳ ಸಾಲಿನಲ್ಲಿ ತೆವಳಿಕೊಂಡು, ಸೋಹ್ನಾ ರಸ್ತೆಯ ಅಪಾರ್ಟ್‌ಮೆಂಟಿಗೆ ಬಂದು ಸೇರುವಷ್ಟರಲ್ಲಿ ಎಂಟೂ ಆಗಬಹುದು, ಹತ್ತೂವರೆಯೂ ಆಗಬಹುದು. ಇಲ್ಲಿನ ಎಷ್ಟೋ ಕನ್ನಡ ಮನೆಗಳಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹಾಸನದಿಂದಲೋ ಧಾರವಾಡದಿಂದಲೋ ಬಂದ ಹಿರಿಯರಿದ್ದಾರೆ. ಊರಲ್ಲಿ ಎಂಟಕ್ಕೆ ಉಂಡು ಒಂಬತ್ತೂವರೆಗೆ ಮಲಗಿದ ಜೀವ. ಕೈಚೀಲದಲ್ಲಿ ಊರಿನ ಡಾಕ್ಟರು ಬರೆದ ಚೀಟಿ, ಅದರಲ್ಲಿ ‘ಊಟಕ್ಕೆ ಮುಂಚೆ’ ಎಂದು ಇಷ್ಟು ಯೂನಿಟ್ ಇನ್ಸುಲಿನ್. ಅಂಥ ಮನೆಗಳಲ್ಲಿ ಸಂಜೆಯ ಫೋನು ಹೀಗಿರುತ್ತದೆ:

“ಅಮ್ಮಾ, ಊಟ ಆಯ್ತಾ?”

“ಇನ್ನೂ ಇಲ್ಲ ಕಣೋ. ಎಂಟಕ್ಕೇ ಇಂಜೆಕ್ಷನ್ ತಗೊಂಡೆ. ನೀನು ಬಂದ್ಮೇಲೆ ಒಟ್ಟಿಗೆ ಕೂತ್ಕೊಳೋಣ ಅಂತ.”

ಇಷ್ಟು ಅಕ್ಕರೆಯ ಮಾತಿನೊಳಗೇ ಅಪಾಯ ಕೂತಿದೆ. ಮನೆಯವರೆಲ್ಲ ಉಂಡ ಮೇಲೆ ತಾನು ಉಣ್ಣುವುದು ನಮ್ಮ ತಾಯಂದಿರಿಗೆ ರೂಢಿಯಾಗಿ ಬಂದ ಕ್ರಮ. ಊಟದ ಇನ್ಸುಲಿನ್ ತೆಗೆದುಕೊಳ್ಳುವವರ ಮಟ್ಟಿಗೆ ಆ ಕ್ರಮವನ್ನು ಬಿಡಲೇಬೇಕು. ಮದ್ದು ಮೈಯೊಳಗೆ ಹೋಯಿತೆಂದರೆ ಅನ್ನವೂ ಹೋಗಬೇಕು. ಮದ್ದು ಯಾರಿಗೂ ಕಾಯುವುದಿಲ್ಲ.

ಯಾಕೆಂದರೆ, ಆರೋಗ್ಯವಂತರಲ್ಲಿ ಮೇದೋಜೀರಕ ಗ್ರಂಥಿ ಹಗಲೂ ರಾತ್ರಿಯೂ ಸ್ವಲ್ಪ ಸ್ವಲ್ಪವೇ ಇನ್ಸುಲಿನ್ ಜಿನುಗಿಸುತ್ತಿರುತ್ತದೆ, ಉಂಡಾಗ ಒಮ್ಮೆಗೇ ಹೆಚ್ಚು ಬಿಡುತ್ತದೆ. ಈ ಎರಡು ಕೆಲಸಕ್ಕೆ ಎರಡು ಬಗೆಯ ಇಂಜೆಕ್ಷನ್. ಗ್ಲಾರ್ಜಿನ್, ಡೆಗ್ಲುಡೆಕ್‌ನಂಥವು ದಿನಪೂರ್ತಿ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್‌ಗಳು. ಊಟದ್ದು ಬೇರೆ. ಹಳೆಯ ‘ರೆಗ್ಯುಲರ್’ ಇನ್ಸುಲಿನ್ ತೆಗೆದುಕೊಂಡರೆ ಸುಮಾರು ಅರ್ಧ ಗಂಟೆ ಬಿಟ್ಟು ಉಣ್ಣಬೇಕು. ಅದರ ಜೋರು ಎರಡರಿಂದ ನಾಲ್ಕು ಗಂಟೆಯ ನಡುವೆ, ಪೂರ್ತಿ ಇಳಿಯಲು ಆರೆಂಟು ಗಂಟೆ. ಲಿಸ್ಪ್ರೊ, ಅಸ್ಪಾರ್ಟ್, ಗ್ಲುಲಿಸಿನ್ ಎಂಬ ಚುರುಕು ಇನ್ಸುಲಿನ್‌ಗಳು ಕಾಲು ಗಂಟೆಯಲ್ಲೇ ಶುರುವಾಗಿ, ಒಂದೆರಡು ಗಂಟೆಯಲ್ಲಿ ಏರಿ, ಮೂರರಿಂದ ಐದು ಗಂಟೆಯಲ್ಲಿ ಮುಗಿಯುತ್ತವೆ. ಎಂಟಕ್ಕೆ ಚುರುಕು ಇನ್ಸುಲಿನ್ ತೆಗೆದುಕೊಂಡು ಮಗನಿಗಾಗಿ ಕಾದ ತಾಯಿಗೆ ಒಂಬತ್ತೂವರೆಯ ಹೊತ್ತಿಗೆ ರಕ್ತದಲ್ಲಿ ಸಕ್ಕರೆ ಕುಸಿದು ಬೆವರು, ಕೈನಡುಕ, ಎದೆಬಡಿತ. ಮಾತು ತೊದಲಬಹುದು, ಸಿಟ್ಟು ಬರಬಹುದು, ಎಚ್ಚರವೂ ತಪ್ಪಬಹುದು.

ಚುರುಕು ಇನ್ಸುಲಿನ್‌ಗೂ ಗುರುಗ್ರಾಮಕ್ಕೂ ಒಂದು ನಂಟಿದೆ. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಲೆನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಮೊದಲ ಇನ್ಸುಲಿನ್ ಕೊಟ್ಟರು. ಮರುವರ್ಷ ಅದನ್ನು ಕಾರ್ಖಾನೆಯಲ್ಲಿ ತಯಾರಿಸಿ ಮಾರುಕಟ್ಟೆಗೆ ತಂದದ್ದು ಎಲೈ ಲಿಲ್ಲಿ ಕಂಪನಿ. 1996ರಲ್ಲಿ ಮೊದಲ ಚುರುಕು ಇನ್ಸುಲಿನ್ ಆದ ಲಿಸ್ಪ್ರೊ ತಂದದ್ದೂ ಅದೇ ಕಂಪನಿ, ಅದರ ಭಾರತದ ಮುಖ್ಯ ಕಚೇರಿ ಇರುವುದು ಈ ಊರಲ್ಲೇ. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಇನ್ಸುಜೆನ್ ಎಂಬ ಮಾನವ ಇನ್ಸುಲಿನ್ ತಂದಿತು. ಮದ್ದು ಈಗ ಮನೆಬಾಗಿಲಿಗೆ ಬಂದಿದೆ. ಅದನ್ನು ಬಳಸುವ ಬಗೆಯನ್ನು ಕೂತು ಹೇಳಿಕೊಡುವವರು ಮಾತ್ರ ಕಡಿಮೆ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ ದೇಶದಲ್ಲಿ ಮಧುಮೇಹ ಇರುವವರು ಸುಮಾರು 10 ಕೋಟಿ 10 ಲಕ್ಷ. ಇಷ್ಟು ಜನರಿರುವ ದೇಶದಲ್ಲಿ ಡಾಕ್ಟರ ಮುಂದೆ ಸಿಗುವ ಐದು ನಿಮಿಷದಲ್ಲಿ ಯಾರು ಏನು ಕಲಿಯಲು ಸಾಧ್ಯ?

ಆದ್ದರಿಂದ ಮನೆಯವರೇ ಕಲಿಯಬೇಕು. ಮೊದಲ ಪಾಠ, ತಟ್ಟೆ ಎದುರಿಗೆ ಬಂದ ಮೇಲೆ ಸೂಜಿ; ರೆಗ್ಯುಲರ್ ಇನ್ಸುಲಿನ್ ಆದರೆ ಊಟ ಮನೆಯಲ್ಲಿ ಸಿದ್ಧವಾದ ಮೇಲೆ, ಉಣ್ಣುವ ಅರ್ಧ ಗಂಟೆ ಮುಂಚೆ. ಇಲ್ಲಿನವರು ಆ್ಯಪಿನಲ್ಲಿ ಊಟ ತರಿಸುವುದು ಹೆಚ್ಚು. ‘ಹತ್ತು ನಿಮಿಷದಲ್ಲಿ ಬರುತ್ತದೆ’ ಎಂದು ಫೋನು ತೋರಿಸಿದ ಕೂಡಲೇ ಇಂಜೆಕ್ಷನ್ ತೆಗೆದುಕೊಳ್ಳಬೇಡಿ. ಹುಡುಗ ದಾರಿ ತಪ್ಪಬಹುದು, ಗೇಟಿನಲ್ಲಿ ನಿಲ್ಲಬೇಕಾಗಬಹುದು. ಡಬ್ಬಿ ಮೇಜಿನ ಮೇಲೆ ಬರಲಿ. ದೆಹಲಿ ಕಡೆಯ ಮದುವೆಗಳಿಗೂ ಇದೇ ಮಾತು. ಅಲ್ಲಿ ವರನ ಮೆರವಣಿಗೆ ಬರುವುದೇ ಹತ್ತಕ್ಕೆ, ಊಟ ಹನ್ನೊಂದಕ್ಕೆ. ಹೊರಡುವ ಮೊದಲು ಮನೆಯಲ್ಲೇ ಉಂಡು ಹೋಗುವುದು ಎಲ್ಲಕ್ಕಿಂತ ಕ್ಷೇಮ. ಮಗನೊಂದಿಗೆ ಕೂರುವ ಆಸೆಯಿದ್ದರೆ ಅಮ್ಮ ತಮ್ಮ ಹೊತ್ತಿಗೆ ಉಂಡು, ಅವನು ಬಂದಾಗ ಒಂದು ಲೋಟ ಮಜ್ಜಿಗೆ ಹಿಡಿದು ಜೊತೆಗೆ ಕೂರಲಿ. ಎಷ್ಟು ಉಣ್ಣುತ್ತಾರೆಂದು ಹೇಳಲಾಗದ ತೀರಾ ವಯಸ್ಸಾದವರಿಗೆ, ಪುಟ್ಟ ಮಕ್ಕಳಿಗೆ ಚುರುಕು ಇನ್ಸುಲಿನ್ನನ್ನು ಊಟ ಮುಗಿದ ತಕ್ಷಣ ಕೊಡಲು ಡಾಕ್ಟರು ಹೇಳುವುದುಂಟು. ರೆಗ್ಯುಲರ್ ಇನ್ಸುಲಿನ್‌ಗೆ ಆ ಅನುಕೂಲವಿಲ್ಲ. ನಿಮ್ಮದು ಯಾವುದೆಂದು ಕೇಳಿ ತಿಳಿದುಕೊಳ್ಳಿ.

ಹಲವು ಹಿರಿಯರು ಬಳಸುವುದು 30-70ರ ಮಿಶ್ರ ಇನ್ಸುಲಿನ್. ‘ನಮ್ಮದು ಊಟದ್ದಲ್ಲ, ಬೆಳಗ್ಗೆ ಸಂಜೆಯದು’ ಎನ್ನುತ್ತಾರೆ. ಅದರಲ್ಲಿ ಊಟದ ಪಾಲು ಬೆರೆತೇ ಇದೆ, ಹಾಗಾಗಿ ಅದನ್ನು ತೆಗೆದುಕೊಂಡೂ ಉಪವಾಸ ಕೂರುವಂತಿಲ್ಲ. ತೆಗೆದುಕೊಳ್ಳುವ ಮೊದಲು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ, ಎಲ್ಲ ಕಡೆ ಒಂದೇ ಸಮ ಹಾಲಿನ ಬಣ್ಣ ಬರಿಸಿಕೊಳ್ಳಬೇಕು.

ಇನ್ನು ಎಷ್ಟು ಯೂನಿಟ್ ಎಂಬ ಪ್ರಶ್ನೆ. ಅದು ಡಾಕ್ಟರು ಆಯಾ ಮನುಷ್ಯನ ಮೈತೂಕ, ಮೂತ್ರಪಿಂಡದ ಸ್ಥಿತಿ, ಊಟದ ಅಳತೆ ನೋಡಿ ಹೇಳುವ ಮಾತು. ಪಕ್ಕದ ಮನೆಯವರ ಲೆಕ್ಕ ನಮಗೆ ನಡೆಯದು. ಆದರೆ ಡೋಸು ಯಾವ ಊಟಕ್ಕೆ ಗೊತ್ತುಮಾಡಿದ್ದು ಎಂಬುದು ನೆನಪಿರಲಿ. ಊರಲ್ಲಿ ಎರಡು ಸಲ ಅನ್ನ ಬಡಿಸಿಕೊಂಡು ಸಾರು, ಹುಳಿ, ಮಜ್ಜಿಗೆ ಉಣ್ಣುತ್ತಿದ್ದವರಿಗೆ ಬರೆದ ಯೂನಿಟ್ಟನ್ನು ಇಲ್ಲಿ ಎರಡು ಫುಲ್ಕಾ, ಸ್ವಲ್ಪ ಪಲ್ಯಕ್ಕೆ ತೆಗೆದುಕೊಂಡರೆ ಶುಗರ್ ಕುಸಿಯುತ್ತದೆ. ಬೇಯಿಸಿದ ಅನ್ನದ ತೂಕದಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚು ಪಿಷ್ಟ. 150 ಗ್ರಾಂ ಅನ್ನವೆಂದರೆ ಸುಮಾರು 40 ಗ್ರಾಂ. ಮುದ್ದೆ ಶುಗರಿಗೆ ಒಳ್ಳೆಯದೆಂದು ಅಳತೆಯಿಲ್ಲದೆ ಉಣ್ಣುವವರಿದ್ದಾರೆ. ರಾಗಿಯಲ್ಲೂ ಪಿಷ್ಟ ಧಾರಾಳವಾಗಿದೆ, ದೊಡ್ಡ ಮುದ್ದೆ ದೊಡ್ಡ ಲೆಕ್ಕವೇ. ಒಂದು ವಾರ ಅಡುಗೆಮನೆಯ ತಕ್ಕಡಿಯಲ್ಲಿ ಅನ್ನ, ಚಪಾತಿ ಹಿಟ್ಟು ತೂಗಿ ನೋಡಿದರೆ ಸಾಕು, ಆಮೇಲೆ ಸೌಟೇ ಅಳತೆಯಾಗುತ್ತದೆ. ಛೋಲೆ-ಭಟೂರೆ, ಬೆಣ್ಣೆ ಸುರಿದ ನಾನ್ ತಿಂದ ದಿನ ಮಾತ್ರ ಎಚ್ಚರ ಬೇಕು. ಕೊಬ್ಬು ಜೀರ್ಣವನ್ನು ನಿಧಾನ ಮಾಡುವುದರಿಂದ ಇನ್ಸುಲಿನ್ ಮುಂದೆ ಓಡುತ್ತದೆ, ಸಕ್ಕರೆ ಹಿಂದೆ ಬರುತ್ತದೆ. ಮೊದಲು ಇಳಿದು, ನಡುರಾತ್ರಿ ಏರುವುದುಂಟು.

ಹಾಗೆ ಏರಿದ್ದನ್ನು ಕಂಡು ಗಾಬರಿಯಿಂದ ಮತ್ತೆ ಚುಚ್ಚಿಕೊಳ್ಳುವುದು ಇನ್ನೊಂದು ತಪ್ಪು. ಹಿಂದಿನ ಡೋಸು ಇನ್ನೂ ಮೈಯಲ್ಲಿ ಕೆಲಸ ಮಾಡುತ್ತಿರುವಾಗ ಅದರ ಮೇಲೆ ಇನ್ನೊಂದು ಬಿದ್ದರೆ ಎರಡೂ ಸೇರಿ ಕೆಡವುತ್ತವೆ. ಡಾಕ್ಟರು ಹೇಳಿಕೊಡದೆ ನಾಲ್ಕು ಗಂಟೆಯೊಳಗೆ ಎರಡನೆಯ ಸಲ ಸೂಜಿ ಹಿಡಿಯಬೇಡಿ.

ಸಿರಿಂಜಿನ ವಿಷಯಕ್ಕೆ ಬರುತ್ತೇನೆ. ಇದನ್ನು ಮೆಡಿಕಲ್ ಶಾಪಿನಲ್ಲಿ ನಿಂತು ಕಣ್ಣಾರೆ ನೋಡಿಕೊಳ್ಳಿ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಬಾಟಲಿಯ ಮೇಲೆ 40 ಎಂದಿರುತ್ತದೆ, ಅಂದರೆ ಒಂದು ಎಂಎಲ್‌ಗೆ 40 ಯೂನಿಟ್. ಪೆನ್ನಿಗೆ ಹಾಕುವ ಕಾರ್ಟ್ರಿಡ್ಜ್‌ನಲ್ಲಿ ಒಂದು ಎಂಎಲ್‌ಗೆ 100. ಕೆಂಪು ಮುಚ್ಚಳದ ಸಿರಿಂಜು 40ರದು, ಕಿತ್ತಳೆ ಮುಚ್ಚಳದ್ದು 100ರದು. ಪೆನ್ ಕೆಟ್ಟಿತೆಂದು ಕಾರ್ಟ್ರಿಡ್ಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು ಹತ್ತಲ್ಲ, 25 ಯೂನಿಟ್. ಅದು ಜೀವಕ್ಕೇ ಕುತ್ತು ತರುವಷ್ಟು. ಬಾಟಲಿಯದ್ದನ್ನು ಕಿತ್ತಳೆ ಮುಚ್ಚಳದ್ದರಲ್ಲಿ ಎಳೆದರೆ ಹತ್ತರ ಜಾಗದಲ್ಲಿ ನಾಲ್ಕೇ ಹೋಗುತ್ತದೆ. ಗೆರೆಗಳು ನೋಡಲು ಒಂದೇ ಥರ. ಮುಚ್ಚಳದ ಬಣ್ಣ, ಮೇಲೆ ಬರೆದ ಸಂಖ್ಯೆ ಎರಡನ್ನೂ ನೋಡಬೇಕು.

ಹಾಗೆಯೇ ಎರಡು ಪೆನ್ನುಗಳ ಗೊಂದಲ. ಹಿಂದೆ ನಿಧಾನದ ಇನ್ಸುಲಿನ್ ಮಸುಕಾಗಿ, ಊಟದ್ದು ತಿಳಿಯಾಗಿ ಇದ್ದವು, ನೋಡಿದರೆ ತಿಳಿಯುತ್ತಿತ್ತು. ಗ್ಲಾರ್ಜಿನ್ ಬಂದ ಮೇಲೆ ಎರಡೂ ನೀರಿನಷ್ಟು ತಿಳಿ. ಮಲಗುವ ಹೊತ್ತಿನ 20 ಯೂನಿಟ್ ಗ್ಲಾರ್ಜಿನ್ ಬದಲು ಕನ್ನಡಕವಿಲ್ಲದ ಕಣ್ಣಿಗೆ ಊಟದ ಪೆನ್ ಸಿಕ್ಕಿದರೆ ರಾತ್ರಿಯ ಗತಿ ಏನು? ಊಟದ ಪೆನ್ನಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ, ಎರಡನ್ನೂ ಬೇರೆ ಬೇರೆ ಕಡೆ ಇಡಿ. ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತದೆ. ತಪ್ಪಿ ತೆಗೆದುಕೊಂಡದ್ದು ಅರಿವಾದರೆ ಮುಚ್ಚಿಡದೆ ಮನೆಯವರನ್ನು ಎಬ್ಬಿಸಿ, ಏನಾದರೂ ತಿಂದು, ಶುಗರ್ ನೋಡುತ್ತ, ಡಾಕ್ಟರಿಗೆ ಆ ಕ್ಷಣವೇ ಫೋನ್ ಮಾಡಬೇಕು.

ಪೆನ್ ಹಿಡಿದಾಗಲೂ ಅವಸರ ಸಲ್ಲದು. ಹೊಸ ಸೂಜಿ ಹಾಕಿ, ಎರಡು ಯೂನಿಟ್ ತಿರುಗಿಸಿ, ಮೇಲ್ಮುಖವಾಗಿ ಒತ್ತಿ. ತುದಿಯಲ್ಲಿ ಹನಿ ಕಂಡರೆ ದಾರಿ ತೆರೆದಿದೆ. ಆಮೇಲೆ ಡೋಸು ತಿರುಗಿಸಿ, ಹೊಟ್ಟೆಗೆ ಚುಚ್ಚಿ, ಗುಂಡಿ ಪೂರ್ತಿ ಒತ್ತಿ, ನಿಧಾನವಾಗಿ ಹತ್ತು ಎಣಿಸಿ ಹೊರತೆಗೆಯಿರಿ. ಎಣಿಸದೆ ಎಳೆದುಕೊಂಡರೆ ಸೂಜಿಯ ತುದಿಯಿಂದ ಮದ್ದು ಚರ್ಮದ ಮೇಲೆ ಹರಿದುಹೋಗುತ್ತದೆ. ನೋವಾಗುವುದಿಲ್ಲವೆಂದು ಹೊಕ್ಕುಳ ಪಕ್ಕದ ಒಂದೇ ಜಾಗಕ್ಕೆ ವರ್ಷಗಟ್ಟಲೆ ಚುಚ್ಚಿಕೊಂಡವರ ಹೊಟ್ಟೆ ಮುಟ್ಟಿ ನೋಡಿ, ಒಳಗೆ ಮೆತ್ತನೆಯ ಗಂಟು ಸಿಗುತ್ತದೆ. ಅಲ್ಲಿ ಬಿದ್ದ ಮದ್ದು ಒಂದೊಂದು ದಿನ ಒಂದೊಂದು ಥರ ಏರುತ್ತದೆ. ಜಾಗ ಬದಲಿಸುತ್ತಿರಬೇಕು. ಗಂಟು ಬಿಟ್ಟು ಹೊಸ ಜಾಗಕ್ಕೆ ಹೋಗುವಾಗ ಡಾಕ್ಟರಿಗೆ ಹೇಳಿ, ಅದೇ ಡೋಸು ಅಲ್ಲಿ ಹೆಚ್ಚಾಗಬಹುದು. ಬಳಸಿದ ಸೂಜಿಗಳು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೇ ಹೋಗಲಿ. ಬೆಳಗ್ಗೆ ಬಾಗಿಲಿಗೆ ಬಂದು ಬರಿಗೈಲಿ ಕಸ ಬೇರ್ಪಡಿಸುವವರ ಬೆರಳನ್ನು ನೆನೆಸಿಕೊಳ್ಳಿ.

ಬಿಸಿಲಿನ ಮಾತೂ ಬೇಕು. ಮೇ-ಜೂನ್‌ನಲ್ಲಿ ಇಲ್ಲಿ 45 ಡಿಗ್ರಿ ದಾಟುವುದು ಹೊಸತಲ್ಲ. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರಿನಲ್ಲಿ ಖಂಡಿತ ಅಲ್ಲ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಬಿಸಾಡಬೇಕು. ಬಳಕೆಯ ಪೆನ್ 30 ಡಿಗ್ರಿಯೊಳಗೆ ಸಾಮಾನ್ಯವಾಗಿ 28 ದಿನ ಇರುತ್ತದೆ. ನಿಲ್ಲಿಸಿದ ಕಾರಿನಲ್ಲಿ ಇಟ್ಟು ಹೋದರೆ ಕೆಟ್ಟೀತು. ಕರೆಂಟ್ ಹೋದ ದಿನ ನೀರಿನ ಮಣ್ಣಿನ ಮಡಕೆಯ ತಂಪೂ ಕೆಲಸಕ್ಕೆ ಬರುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಪ್ರಯಾಣಿಸುವವರು ತಂಪು ಚೀಲ ತರಲಿ. ವಿಮಾನದಲ್ಲಿ ಬರುವವರು ಇನ್ಸುಲಿನ್ನನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲಿ, ಕೆಳಗಿನ ಲಗೇಜಿಗೆ ಹಾಕಬೇಡಿ.

ಏನೇ ಎಚ್ಚರವಿದ್ದರೂ ಶುಗರ್ ಒಮ್ಮೊಮ್ಮೆ ಇಳಿಯುತ್ತದೆ. 70ಕ್ಕಿಂತ ಕೆಳಗೆ ಬಂದರೆ 15 ಗ್ರಾಂ ಗ್ಲೂಕೋಸ್ ಪುಡಿ, ಇಲ್ಲವೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಚಾಕೊಲೇಟ್, ಬರ್ಫಿ ಬೇಡ, ಅವುಗಳ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ಕೈನಡುಕ, ಎದೆಬಡಿತ ಕಾಣಿಸದೆಯೇ ಶುಗರ್ ಇಳಿಯಬಹುದು, ಬೆವರೊಂದೇ ಸುಳಿವು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ 112ಕ್ಕೆ ಫೋನ್ ಮಾಡಿ.

ಮನೆಯಿಂದ ಹೊರಗೆ ಕಾಲಿಡುವಾಗಲೂ ಗ್ಲೂಕೋಸ್ ಪೊಟ್ಟಣ ಜೇಬಿನಲ್ಲಿರಲಿ. 2016ರ ಜುಲೈ 28ರ ಸಂಜೆ ಸುರಿದ ಮಳೆಗೆ ಇಲ್ಲಿನ ಹೀರೋ ಹೋಂಡಾ ಚೌಕದಲ್ಲಿ ನೀರು ನಿಂತು, ಸಾವಿರಾರು ಜನ ಇಡೀ ರಾತ್ರಿ ಗಾಡಿಗಳಲ್ಲೇ ಕಳೆದರು. ಅಂಥ ಸಾಲಿನಲ್ಲಿ ಊಟದ ಇನ್ಸುಲಿನ್ ತೆಗೆದುಕೊಂಡು ಹೊರಟವರಿದ್ದರೆ ಗತಿಯೇನೆಂದು ಯೋಚಿಸಿದರೆ ಮೈ ನಡುಗುತ್ತದೆ.

ಏಕಾದಶಿಯ ಉಪವಾಸಕ್ಕೂ ನವರಾತ್ರಿಯ ವ್ರತಕ್ಕೂ ಡಾಕ್ಟರನ್ನು ಮೊದಲೇ ಕೇಳಬೇಕು. ಊಟವಿಲ್ಲದ ಹೊತ್ತಿಗೆ ಊಟದ ಇನ್ಸುಲಿನ್ ಇಲ್ಲ. ಆದರೆ ನಿಧಾನದ ಇನ್ಸುಲಿನ್ನನ್ನು ತಾವಾಗಿ ನಿಲ್ಲಿಸಬಾರದು, ಟೈಪ್ ಒನ್ ಇರುವವರಂತೂ ಎಂದಿಗೂ ನಿಲ್ಲಿಸಬಾರದು.

ಮುಂದಿನ ಸಲ ತಂದೆತಾಯಿಯನ್ನು ಇಲ್ಲಿಗೆ ಕರೆಸಿಕೊಳ್ಳುವ ಮಕ್ಕಳಲ್ಲಿ ಒಂದು ವಿನಂತಿ. ಟಿಕೆಟ್ ಮಾಡಿಸುವ ವಾರದಲ್ಲೇ ಅವರನ್ನು ಊರಿನ ಡಾಕ್ಟರ ಬಳಿಗೆ ಕಳಿಸಿ ಮೂರು ಪ್ರಶ್ನೆ ಕೇಳಿಸಿ: ರಾತ್ರಿ ಊಟ ತಡವಾದರೆ ಏನು ಮಾಡಬೇಕು, ಅರ್ಧ ಊಟವಾದರೆ ಎಷ್ಟು ಯೂನಿಟ್, ಊಟವೇ ಸೇರದ ದಿನ ಏನು? ಉತ್ತರವನ್ನು ಅವರಿಗೆ ಓದಲು ಬರುವ ಹಾಗೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು, 112 ಮತ್ತು ಡಾಕ್ಟರ ಫೋನ್ ನಂಬರಿನ ಜೊತೆ ಇಲ್ಲಿನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.